ಎರಡು ದೇಶದ ನಿವಾಸಿ

ಈಚೆಗೆ ಯಾರಾದರೂ ನನ್ನನ್ನು ‘ಎಲ್ಲಿರ್ತೀರಿ?’ ಎಂದು ಕೇಳಿದರೆ ನಾನು ಥಟ್ಟನೆ ಉತ್ತರ ಕೊಡುವುದಿಲ್ಲ. ‘ಯಾವ ಕಾಯ್ದೆಯ ಪ್ರಕಾರ?’ ಎಂದು ಮರುಪ್ರಶ್ನೆ ಹಾಕುತ್ತೇನೆ. ಸಪ್ತಾಪುರದಲ್ಲಿ ಹೊಸದಾಗಿ ಅಂಗಡಿ ಇಟ್ಟ ಕ್ಷೌರಿಕನೊಬ್ಬ ಹೀಗೆಯೇ ಮಾತಿಗೆಂದು ಕೇಳಿ, ನನ್ನ ಮರುಪ್ರಶ್ನೆ ಕೇಳಿದ್ದೇ ಕತ್ತರಿ ನಿಲ್ಲಿಸಿಬಿಟ್ಟ. ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಈ ತಲೆಗೆ ಹೊರಗಿನ ಕೆಲಸಕ್ಕಿಂತ ಒಳಗಿನ ಕೆಲಸ ಜಾಸ್ತಿ ಇದೆ ಎಂದುಕೊಂಡಿರಬೇಕು, ಲಗುಬಗೆಯಿಂದ ಮುಗಿಸಿ ಕಳಿಸಿದ.

ಅವನದೇನೂ ತಪ್ಪಿಲ್ಲ. ಎರಡು ವರ್ಷದ ಹಿಂದೆ ಇದೇ ಪ್ರಶ್ನೆಗೆ ನಾನೂ ಒಂದೇ ಉಸಿರಿನಲ್ಲಿ ‘ಧಾರವಾಡ, ಸಪ್ತಾಪುರ, ನೀರಿನ ಟಾಕಿ ಹಿಂದಿನ ಓಣಿ’ ಎನ್ನುತ್ತಿದ್ದೆ. ಆಮೇಲೆ ಎಂಟು ತಿಂಗಳು ಪರದೇಶದಲ್ಲಿ ದುಡಿದು ಬಂದೆ ನೋಡಿ, ಎರಡು ಸರಕಾರಗಳು ಒಟ್ಟಿಗೇ ನನಗೆ ಗಂಟುಬಿದ್ದವು. ‘ಇವನು ನಮ್ಮ ನಿವಾಸಿ’ ಎಂದು ಇದು ಅನ್ನುತ್ತದೆ, ‘ಅಲ್ಲ, ನಮ್ಮವನು’ ಎಂದು ಅದು ಅನ್ನುತ್ತದೆ. ನನ್ನ ಮದುವೆಯ ವಯಸ್ಸಿನಲ್ಲಿ ‘ಈ ಹುಡುಗ ನಮಗಿರಲಿ’ ಎಂದು ಒಂದು ಮನೆಯವರೂ ಹಟ ಹಿಡಿದವರಲ್ಲ. ಕೊನೆಗೆ ಹೆಣ್ಣು ಕೊಟ್ಟ ಶಿರಗುಪ್ಪಿಯ ಬೀಗರು ಒಪ್ಪಿದ್ದು ಕೂಡ ಬೇರೆ ದಾರಿ ಕಾಣದೆ ಎಂದು ನನ್ನ ಹೆಂಡತಿ ಶಿವಲೀಲಾ ಆಗಾಗ ನೆನಪು ಮಾಡಿಕೊಡುತ್ತಾಳೆ. ಅಂಥವನನ್ನು ಐವತ್ತೆಂಟನೆಯ ವಯಸ್ಸಿನಲ್ಲಿ ಎರಡು ದೇಶಗಳು ಒಂದೊಂದು ರಟ್ಟೆ ಹಿಡಿದು ಎಳೆಯುತ್ತವೆಂದರೆ, ಸುಳ್ಳೇಕೆ ಹೇಳಲಿ, ನನಗೆ ಹಿಗ್ಗೋ ಹಿಗ್ಗು. ಎರಡೂ ಎಳೆಯುತ್ತಿರುವುದು ತೆರಿಗೆಗೆ ಎಂಬುದು ತಿಳಿದ ಮೇಲೂ ಆ ಹಿಗ್ಗು ಪೂರ್ತಿ ಇಳಿಯಲಿಲ್ಲ.

ನಮ್ಮದು ಹತ್ತಿಯ ಮನೆತನ. ಅಜ್ಜ ಹುಬ್ಬಳ್ಳಿಯ ಪೇಟೆಯಲ್ಲಿ ಹತ್ತಿ ಮಾರಿದ, ಅಪ್ಪ ಹತ್ತಿ ತೂಗಿದ, ನಾನು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಯಂತ್ರಗಳ ಹೊಟ್ಟೆಯೊಳಗೆ ಕೈಹಾಕಿ ಜೀವನ ಕಳೆದೆ. ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಯಾರೋ ಯಾರಿಗೋ ಹೇಳಿ, ಟಾಂಜಾನಿಯಾದ ಹತ್ತಿಸೀಮೆಯ ಒಬ್ಬ ಗಿರಣಿ ಮಾಲೀಕರು ‘ಹೊಸ ಯಂತ್ರ ಕೂಡಿಸಬೇಕು, ಮೂರು ತಿಂಗಳ ಮಟ್ಟಿಗೆ ಬನ್ನಿ’ ಎಂದು ಕರೆದರು. ನನ್ನ ಅನುಭವದಲ್ಲಿ ಯಂತ್ರದ ವಿಷಯದಲ್ಲಿ ಮೂರು ತಿಂಗಳು ಎಂದರೆ ಮೂರು ತಿಂಗಳಿಗೆ ಮುಗಿಯುವುದಿಲ್ಲ ಎಂದಷ್ಟೇ ಅರ್ಥ. ಆದರೂ ಒಪ್ಪಿಕೊಂಡೆ. ವಿಮಾನ ಹತ್ತುವ ಆಸೆ ಯಾರಿಗಿಲ್ಲ?

ಟಿಕೆಟ್ ಬಂದ ದಿನ ನೀಲತ್ತಿ ಪಂಚಾಂಗ ತೆಗೆದಳು. ನೀಲತ್ತಿ ಎಂದರೆ ನನ್ನ ಸೋದರತ್ತೆ, ಅಪ್ಪನ ಕೊನೆಯ ತಂಗಿ. ಮನೆ ಪಕ್ಕದ ಓಣಿಯಲ್ಲಿ, ಅಧಿಕಾರ ನಮ್ಮ ಮನೆಯಲ್ಲಿ. ವಿಮಾನ ಶನಿವಾರ ಎಂದು ಕೇಳಿ ಕನ್ನಡಕ ಹಣೆಗೇರಿಸಿದಳು.

“ಶನಿವಾರ ಬ್ಯಾಡಪಾ, ದಿನಾ ಛಲೋ ಇಲ್ಲ. ಸೋಮವಾರ ಹೊಂಡು.”

“ಅತ್ತಿ, ಸೋಮವಾರ ನನಗ ಟಿಕೆಟ್ ಇಲ್ಲ.”

“ಟಿಕೆಟ್ ಮಾಡಿದವರಿಗೆ ಏನ ತಿಳಿತೈತಿ? ಪ್ರಸ್ಥಾನ ಇಟ್ರಾತು.”

ಪ್ರಸ್ಥಾನ ಇಡುವುದು ನಮ್ಮ ಹಿರಿಯರು ಕಂಡುಹಿಡಿದ ಅದ್ಭುತ ಉಪಾಯ. ಹೊರಡಲು ಒಳ್ಳೆಯ ದಿನ ಒಂದು, ಹೊರಡಲು ಸಾಧ್ಯವಾಗುವ ದಿನ ಇನ್ನೊಂದು ಆದಾಗ, ಒಳ್ಳೆಯ ದಿನದಂದು ನಿಮ್ಮ ಸಾಮಾನು ಹೊರಡುತ್ತದೆ. ಪ್ರಯಾಣದ ದಿಕ್ಕಿಗಿರುವ ಯಾರದಾದರೂ ಮನೆಯಲ್ಲಿ ಅದನ್ನು ಒಯ್ದು ಇಡಬೇಕು. ಅಲ್ಲಿಗೆ ನೀವು ಹೊರಟಂತೆಯೇ. ಆಮೇಲೆ ನಿಮ್ಮ ದೇಹ ಹಿಂದಿನಿಂದ ಅನುಕೂಲ ನೋಡಿಕೊಂಡು ಹೋದರಾಯಿತು. ಸಾಮಾನ್ಯವಾಗಿ ಒಂದು ವಸ್ತ್ರದಲ್ಲಿ ಅಕ್ಕಿ, ಅಡಿಕೆ, ಅರಿಷಿಣ ಕಟ್ಟಿ ಇಟ್ಟರೆ ಸಾಕಂತೆ. ಆದರೆ ಸಮುದ್ರ ದಾಟುವವನಿಗೆ ಅಷ್ಟು ಸಾಲದೆಂದು ನೀಲತ್ತಿ ತೀರ್ಮಾನಿಸಿದ್ದರಿಂದ, ಸೋಮವಾರ ಬೆಳಿಗ್ಗೆ ನನ್ನ ಇಡೀ ಸೂಟ್‌ಕೇಸು ಕುಂಕುಮ ಹಚ್ಚಿಸಿಕೊಂಡು ಪಡುವಣ ದಿಕ್ಕಿನ ಜೋಶಿ ಮಾಸ್ತರರ ಮನೆಗೆ ಹೊರಟಿತು.

ಹೊರಟ ಸೂಟ್‌ಕೇಸು ಮರಳಿ ಹೊಸ್ತಿಲು ದಾಟುವಂತಿಲ್ಲ. ನನ್ನ ಒಳ್ಳೆಯ ಅಂಗಿಗಳೆಲ್ಲ ಅದರೊಳಗೆ. ಹೀಗಾಗಿ ಶನಿವಾರದವರೆಗೆ ನಾನು ದಿನಾ ಸ್ನಾನ ಮುಗಿಸಿ, ಟವೆಲ್ ಹೊದ್ದು, ಜೋಶಿ ಮಾಸ್ತರರ ಮನೆಗೆ ಹೋಗಿ ಅಂಗಿ ತೊಟ್ಟುಕೊಂಡು ಬರಬೇಕಾಯಿತು. ಮಾಸ್ತರರು ಸಂಕೋಚದವರು. ಪಡಸಾಲೆಯಲ್ಲಿ ನನ್ನ ಸೂಟ್‌ಕೇಸು ಬಿಚ್ಚಿಕೊಂಡಿರುವಾಗ ಅವರು ಗೋಡೆಯ ಕಡೆ ಮುಖಮಾಡಿ ಪೇಪರ್ ಓದುತ್ತಿದ್ದರು. ಇತ್ತ ಮನೆಯಲ್ಲಿ ನಾನು ಆಗಲೇ ಹೋದವ. ಹಾಲಿನವನಿಗೆ ಸೋಮವಾರವೇ ಅರ್ಧ ಲೀಟರ್ ಕಡಿಮೆ ಮಾಡಲು ಹೇಳಿಯಾಗಿತ್ತು. ಮಧ್ಯಾಹ್ನ ಶಿವಲೀಲಾ ಅಡುಗೆಮನೆಯಿಂದ “ಟಾಂಜಾನಿಯಾದವರು ಊಟಕ್ಕ ಬರ್ರಿ” ಎಂದು ಕೂಗುತ್ತಿದ್ದಳು. ನಾನು ಹೋಗುತ್ತಿದ್ದೆ. ಹೋದ ಮೇಲೂ ಹೆಂಡತಿಯ ಕೈಯಡುಗೆ ಸಿಗುವ ಪರದೇಶ ಯಾರಿಗುಂಟು?

ಅಲ್ಲಿಯ ಎಂಟು ತಿಂಗಳ ಕತೆ ಉದ್ದ ಮಾಡುವುದಿಲ್ಲ. ಯಂತ್ರದ ಅರ್ಧ ಭಾಗಗಳು ಬಂದರಿನಲ್ಲಿ ಕೂತವು, ಉಳಿದರ್ಧದ ಮುಂದೆ ನಾನು ಕೂತೆ. ಗಿರಣಿಯ ಹಿಂದೆ ಎರಡು ಕೋಣೆಯ ಮನೆ ಕೊಟ್ಟಿದ್ದರು. ಜೋಳದ ಹಿಟ್ಟು ಅಲ್ಲಿಯೂ ಸಿಗುತ್ತದೆ ಎಂದು ತಿಳಿದ ದಿನ ನಾನು ತಟ್ಟಿದ ಮೊದಲ ರೊಟ್ಟಿ ಆ ದೇಶದ ಆಕಾರದಲ್ಲೇ ಬಂತು. ನನ್ನನ್ನು ಅಲ್ಲಿ ‘ಫುಂಡಿ’ ಎಂದು ಕರೆಯುತ್ತಿದ್ದರು. ಕೈಕೆಲಸ ಬಲ್ಲವನೆಂದು ಅರ್ಥ, ಗೌರವದ ಮಾತು. ಯಂತ್ರ ಕೆಟ್ಟರೆ, ಕಾಲು ಎಡವಿದರೆ, ಮಳೆಯಲ್ಲಿ ನೆನೆದರೆ, ಎಲ್ಲದಕ್ಕೂ ‘ಪೋಲೆ, ಪೋಲೆ’ ಎಂದು ಸಮಾಧಾನ ಹೇಳುವ ಒಳ್ಳೆಯ ಜನ. ಎಂಟು ತಿಂಗಳಿಗೆ ಚಹಾದಂಗಡಿಯಲ್ಲಿ ನನ್ನದೊಂದು ಖಾಯಂ ಬೆಂಚು ಆಗಿತ್ತು.

ಧಾರವಾಡಕ್ಕೆ ಮರಳಿದಾಗ ನಮ್ಮ ಮನೆಯ ಬಾಗಿಲು ಬಡಿದೆ. ತೆರೆದವಳು ನಾನೆಂದೂ ನೋಡದ ಒಂದು ಹುಡುಗಿ. ಕೈಯಲ್ಲಿ ದಪ್ಪ ಪುಸ್ತಕ.

“ಯಾರ್ ಬೇಕಾಗಿತ್ತರಿ ಅಂಕಲ್?”

“ನಾ… ಈ ಮನಿಯವ.”

ಅವಳು ಒಳಗೆ ತಿರುಗಿ ಕೂಗಿದಳು: “ಆಂಟಿ, ಯಾರೋ ಈ ಮನಿಯವರಂತ, ಬಂದಾರ ನೋಡ್ರಿ!”

ಸಪ್ತಾಪುರದಲ್ಲಿ ಖಾಲಿ ಕೋಣೆ ಎಂದರೆ ವಿಶ್ವವಿದ್ಯಾಲಯದ ಹುಡುಗಿಯರಿಗೆ ಕೊಟ್ಟ ಕೋಣೆ ಎಂದೇ ಲೆಕ್ಕ. ನಾನು ಕೂತು ಪೇಪರ್ ಓದುತ್ತಿದ್ದ ಮುಂದಿನ ಕೋಣೆಯಲ್ಲಿ ಶಿವಲೀಲಾ ಇಬ್ಬರನ್ನು ಇಟ್ಟುಕೊಂಡಿದ್ದಳು. ಆ ಹುಡುಗಿಯರಿಂದ ಮನೆ ಗಲಗಲ ಎನ್ನುತ್ತಿತ್ತು. ಸೋರುತ್ತಿದ್ದ ನಲ್ಲಿ ಸೋರುತ್ತಿರಲಿಲ್ಲ. ನಾನು ‘ಆಮ್ಯಾಲ ನೋಡೋಣ’ ಎಂದು ಹತ್ತು ವರ್ಷ ಸಾಕಿದ್ದ ನಲ್ಲಿ ಅದು! ನಾನಿಲ್ಲದೆ ಮನೆ ಬಿದ್ದುಹೋಗಿರುತ್ತದೆ ಎಂದು ಎಂಟು ತಿಂಗಳು ಕೊರಗಿದ ಗಂಡಸಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಡ.

ಅಷ್ಟರಲ್ಲಿ ಅಲ್ಲಿಂದ ಮತ್ತೆ ಕರೆ ಬಂತು. ಇನ್ನೊಂದು ಗಿರಣಿ ಕೂಡಿಸಬೇಕು, ಸೀಗಿ ಹುಣ್ಣಿಮೆಯ ಹೊತ್ತಿಗೆ ಹೊರಟು ಬನ್ನಿ, ಈ ಸಲ ಸ್ವಲ್ಪ ಹೆಚ್ಚು ದಿನ ಆಗಬಹುದು. ನಾನು ವಿಷಯವನ್ನು ಶಿವಲೀಲಾಳ ಮುಂದಿಟ್ಟೆ. ಅವಳು ‘ಹೋಗ್ರಿ’ ಎನ್ನಲಿಲ್ಲ, ‘ಬ್ಯಾಡ್ರಿ’ ಎನ್ನಲೂ ಇಲ್ಲ. “ನೋಡ್ರಿ ಮತ್ತ” ಎಂದಳು. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಗೊತ್ತು, ಧಾರವಾಡದ ಹೆಣ್ಣುಮಗಳು ‘ನೋಡ್ರಿ ಮತ್ತ’ ಎಂದಳೆಂದರೆ ನೋಡಬೇಕಾದ್ದು ಬಹಳ ಇದೆ ಎಂದು. ಏನು ನೋಡಬೇಕು ಎಂಬುದು ಮಾತ್ರ ನನಗೆ ತಿಳಿಯಲಿಲ್ಲ. ನಾನು ಹೋಗಬೇಕೆಂದು ಅವಳಿಗಿದೆಯೋ, ಇರಬೇಕೆಂದಿದೆಯೋ? ಎರಡು ಸರಕಾರಗಳು ನನ್ನನ್ನು ಬೇಕು ಬೇಕು ಎನ್ನಲಿದ್ದವು. ಇವಳೊಬ್ಬಳು ಬೇಕು ಎನ್ನುತ್ತಾಳೋ ಇಲ್ಲವೋ ಎಂಬುದೇ ನನ್ನ ಚಿಂತೆಯಾಯಿತು.

ಹೋದ ವರ್ಷದ ತೆರಿಗೆಯ ಕೆಲಸ ಹೇಗೂ ಬಾಕಿ ಇತ್ತು. ಮುಂದಿನದನ್ನೂ ಕೇಳಿಕೊಂಡು ಬಂದರಾಯಿತೆಂದು ಆಡಿಟರ್ ಹತ್ತಿರ ಹೊರಟೆ. ಅವರ ಆಫೀಸು ಹುಬ್ಬಳ್ಳಿಯಲ್ಲಿ, ಒಂದು ಅರಿವೆ ಅಂಗಡಿಯ ಮಾಳಿಗೆಯ ಮೇಲೆ. ಅರಿವೆ ಅಂಗಡಿಯ ವಿಷಯ ಬಾಯಿತಪ್ಪಿ ಹೇಳಿದ್ದರಿಂದ ಶಿವಲೀಲಾಳೂ ಜೊತೆಗೆ ಬಂದಳು.

ಆಡಿಟರ್ ವಿಜಯಕುಮಾರ ತರುಣ. ಅವನಪ್ಪ ಮತ್ತು ನಾನು ಒಂದೇ ಸಾಲೆಯಲ್ಲಿ ಓದಿದವರು, ಹಾಗಾಗಿ ನಾನು ಅವನಿಗೆ ಕಾಕಾ. ಕುರ್ಚಿ ಕೊಟ್ಟು, ಚಹಾ ಹೇಳಿ, ಕಂಪ್ಯೂಟರ್ ಕಡೆ ತಿರುಗಿದ.

“ಕಾಕಾರ, ನೀವು ದೇಶಾ ಬಿಟ್ಟು ಹೊಂಟ ದಿನಾ ಯಾವದ್ರಿ?”

“ಸೋಮವಾರ” ಎಂದು ತಾರೀಖು ಹೇಳಿದೆ. ಯೋಚಿಸಲೇ ಇಲ್ಲ. ನಮ್ಮ ಮನೆಯಲ್ಲಿ ನಾನು ಹೊರಟಿದ್ದು ಸೋಮವಾರವೇ. ಹಾಲಿನವನನ್ನು ಕೇಳಿದರೂ ಅದನ್ನೇ ಹೇಳುತ್ತಾನೆ.

ವಿಜಯಕುಮಾರ ಬೆರಳು ಮಡಚಿ ಎಣಿಸಿ, ಮುಖ ಅರಳಿಸಿದ. “ಭಾಳ ಛಲೋ ಆತ್ರಿ! ಆ ವರ್ಷದಾಗ ನೀವು ಇಲ್ಲಿ ನೂರಾ ಎಂಬತ್ತೆರಡು ದಿನಾ ತುಂಬಿಸೇ ಇಲ್ಲ. ಒಂದೆರಡು ದಿನದಾಗ ತಪ್ಪೈತಿ. ಅನಿವಾಸಿ ಆದ್ರಿ ಕಾಕಾರ, ಅಲ್ಲಿ ದುಡದದ್ದಕ್ಕ ಇಲ್ಲಿ ತೆರಿಗಿ ಇಲ್ಲ!”

ಅನಿವಾಸಿ! ಆ ಶಬ್ದಕ್ಕೇ ಒಂದು ಸೆಂಟಿನ ವಾಸನೆ ಇದೆ. ನಾನು ಕುರ್ಚಿಯಲ್ಲೇ ಸ್ವಲ್ಪ ಎತ್ತರವಾದೆ. ಅನಿವಾಸಿ ಭಾರತೀಯನಾಗಿ ನೀರಿನ ಟಾಕಿಯ ಹಿಂದಿನ ಓಣಿಯಲ್ಲಿ ಹೇಗೆ ನಡೆಯಬೇಕು, ಕೊತ್ತಂಬರಿ ಸೊಪ್ಪನ್ನು ಚೌಕಾಸಿ ಮಾಡಬೇಕೋ ಬೇಡವೋ ಎಂದೆಲ್ಲ ಯೋಚಿಸತೊಡಗಿದೆ. ಇದು ಪಾಸ್‌ಪೋರ್ಟ್ ತೆಗೆದು ತೋರಿಸುವವರೆಗೆ ನಡೆಯಿತು.

“ಕಾಕಾರ, ಇಲ್ಲಿ ಶಿಕ್ಕಾ ಶನಿವಾರದ್ದೈತಲ್ರಿ?”

“ಹೌದು, ವಿಮಾನ ಶನಿವಾರ. ಹೊಂಟಿದ್ದು ಸೋಮವಾರ.”

“ನಡುವ ಎಲ್ಲಿದ್ರಿ? ಮುಂಬೈಯಾಗೇನು?”

“ಮನ್ಯಾಗ.”

ಅವನು ನನ್ನನ್ನು ನೋಡಿದ, ನಾನು ಶಿವಲೀಲಾಳನ್ನು ನೋಡಿದೆ. ಅವಳು ಪ್ರಸ್ಥಾನದ ಕತೆಯನ್ನು, ಟವೆಲ್ಲು ಸಮೇತ, ಬಿಡಿಸಿ ಹೇಳಿದಳು. ವಿಜಯಕುಮಾರ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. “ಕಾಕಾರ, ಅನಿವಾಸಿ ಆಗಿದ್ದು ನಿಮ್ಮ ಸೂಟ್‌ಕೇಸರಿ. ನೀವಲ್ಲ.”

ಶಿವಲೀಲಾ ಇಂಥ ಅವಕಾಶ ಬಿಡುವವಳಲ್ಲ. ಅಲ್ಲಿಂದಲೇ ನೀಲತ್ತಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ನೀಲತ್ತಿ ವಿಷಯ ಕೇಳಿ ಗುಡುಗಿದಳು. “ಅಂವ ಹೊಂಟಿದ್ದು ಸೋಮವಾರನ! ನಾನ ಕೈಯಾರೆ ಕುಂಕುಮಾ ಹಚ್ಚಿ ಕಳಿಸೇನಿ. ಆಮ್ಯಾಲ ಮನ್ಯಾಗ ಉಂಡಿದ್ದು, ಮಲಗಿದ್ದು ಯಾವದೂ ಲೆಕ್ಕಕ್ಕ ಬರಂಗಿಲ್ಲ.”

“ಅಜ್ಜಿ, ಸರಕಾರದ ಲೆಕ್ಕಕ್ಕ ಬರ್ತೈತ್ರಿ” ಎಂದ ವಿಜಯಕುಮಾರ, ಕೈಮುಗಿದು.

“ಹಂಗಾರ ಸರಕಾರಕ್ಕ ಪಂಚಾಂಗ ನೋಡಾಕ ಬರಂಗಿಲ್ಲ ಅನ್ನು” ಎಂದು ಅತ್ತೆ ಫೋನು ಇಟ್ಟಳು.

ಹೀಗೆ, ಜೋಶಿ ಮಾಸ್ತರರ ಪಡಸಾಲೆಯಲ್ಲಿ ಅಂಗಿ ಬದಲಿಸಿದ ಆ ದಿನಗಳು ಕೂಡಿದ್ದರಿಂದ ನಾನು ಇಲ್ಲಿಯ ನಿವಾಸಿಯಾದೆ. ವಾಸಕ್ಕೆ ಮನೆ ಕೊಟ್ಟು, ಅಷ್ಟು ತಿಂಗಳು ಇಟ್ಟುಕೊಂಡದ್ದರಿಂದ ಅಲ್ಲಿಯವರ ಕಾಯ್ದೆಯಲ್ಲೂ ನಿವಾಸಿಯಾದೆ. ಇಂಥ ಇಬ್ಬಂದಿಗಳಿಗಾಗಿಯೇ ಎರಡು ದೇಶಗಳು ಮೊದಲೇ ಕೂತು ಒಪ್ಪಂದ ಮಾಡಿಕೊಂಡಿರುತ್ತವಂತೆ. ಒಂದೊಂದೇ ಪ್ರಶ್ನೆ ಕೇಳುತ್ತ ಹೋಗಬೇಕು. ಮೊದಲನೆಯದು, ಖಾಯಂ ಮನೆ ಎಲ್ಲಿದೆ? ಎರಡೂ ಕಡೆ ಇತ್ತು, ಬಗೆಹರಿಯಲಿಲ್ಲ. ವಿಜಯಕುಮಾರ ಎರಡನೆಯದಕ್ಕೆ ಬಂದ. ಇಂಗ್ಲಿಷಿನಲ್ಲಿ ಓದಿ, ಕನ್ನಡಕ್ಕೆ ಇಳಿಸಿ, ಬಹಳ ಸಹಜವಾಗಿ ಕೇಳಿದ:

“ಕಾಕಾರ, ನಿಮ್ಮ ಜೀವನದ ಕೇಂದ್ರ ಎಲ್ಲೈತ್ರಿ?”

ನೀವೇ ಹೇಳಿ, ಇದು ಅರಿವೆ ಅಂಗಡಿಯ ಮಾಳಿಗೆಯ ಮೇಲೆ ಕೇಳುವ ಪ್ರಶ್ನೆಯೇ? ನಮ್ಮ ಕಡೆ ಇದನ್ನು ಮಠದ ಸ್ವಾಮಿಗಳು ಕೇಳುತ್ತಾರೆ, ಅದೂ ಉತ್ತರ ಬಯಸದೆ. ಇಲ್ಲಿ ನೋಡಿದರೆ ತೆರಿಗೆಯವರು ಕೇಳುತ್ತಿದ್ದಾರೆ, ಉತ್ತರ ಕೊಡದಿದ್ದರೆ ಕೆಲಸ ಮುಂದೆ ಹೋಗುವುದಿಲ್ಲ. ಪಕ್ಕದಲ್ಲಿ ಬಳೆಯ ಸದ್ದು ನಿಂತಿತು. ಶಿವಲೀಲಾ ಚಹಾದ ಕಪ್ಪು ಕೆಳಗಿಟ್ಟು ನನ್ನ ಕಡೆ ಪೂರ್ತಿ ತಿರುಗಿ ಕೂತಿದ್ದಳು. ನನ್ನ ಬಾಯಿ ಒಣಗಿತು. ಒಣಗಿದ ಬಾಯಿಯಿಂದ ಒಣ ಮಾತುಗಳೇ ಬಂದವು.

“ಕೇಂದ್ರ… ಧಾರವಾಡದಾಗ ಮನಿ ಐತಿ. ಬ್ಯಾಂಕಿನ ಖಾತೆ ಐತಿ. ಲಕಮನಹಳ್ಳ್ಯಾಗ ವರ್ಕ್‌ಶಾಪ್ ಐತಿ. ಸ್ಕೂಟರ್ ಐತಿ. ಹಲ್ಲಿನ ಡಾಕ್ಟರೂ ಇಲ್ಲೇ ಅದಾರ.”

ಹೊಸದಾಗಿ ಮದುವೆಯಾದ ವಿಜಯಕುಮಾರನಿಗೆ ಅಪಾಯ ಕಂಡಿತು. “ಮತ್ತ… ಕುಟುಂಬ?” ಎಂದು ದಾರಿ ತೋರಿಸಿದ.

“ಹಾಂ, ಅದೂ.”

“ಬರ್ಕೋಪಾ ವಿಜಯಾ” ಎಂದಳು ಶಿವಲೀಲಾ. “ಸ್ಕೂಟರು, ಹಲ್ಲಿನ ಡಾಕ್ಟರು, ಆಮ್ಯಾಲ ನಾನು.”

ಕೇಂದ್ರ ಧಾರವಾಡವೆಂದೇ ತೀರ್ಮಾನವಾಗಿ, ಎರಡೂ ಕಡೆ ತೆರಿಗೆ ಬೀಳುವುದು ತಪ್ಪಿತು. ಆದರೆ ಆ ‘ಅದೂ’ ಎಂಬ ಮಾತು ಕೋಣೆಯಲ್ಲಿ ಹಾಗೇ ಉಳಿಯಿತು. ಅದನ್ನು ಮುಚ್ಚಲು ನಾನು ಬೇಗಬೇಗ ಮುಂದಿನ ಪ್ರಶ್ನೆ ತೆಗೆದೆ. ಈ ಸಲ ಹೆಚ್ಚು ದಿನ ಹೋದರೆ ನಾನು ಪೂರ್ತಿ ಪರದೇಶದವನಾಗಿಬಿಡುತ್ತೇನೇನು? ವಿಜಯಕುಮಾರ ಅಭಯ ಕೊಟ್ಟ. ವಾಸ ಬೇರೆ, ನೆಲೆ ಬೇರೆ ಎಂದ. ಅಲ್ಲಿಯವರೆಗೆ ನಾನು ಅವೆರಡನ್ನೂ ಅಳಿಯ ಅಲ್ಲ ಮಗಳ ಗಂಡ ಎಂದೇ ತಿಳಿದಿದ್ದೆ. ಹಾಗಲ್ಲವಂತೆ. ವಾಸವನ್ನು ದಿನ ಎಣಿಸಿ ಹೇಳುತ್ತಾರೆ, ನೆಲೆಯನ್ನು ಎಣಿಸಲು ಬರುವುದಿಲ್ಲ. ಹುಟ್ಟುವಾಗಲೇ ಅಪ್ಪನಿಂದ ಒಂದು ನೆಲೆ ಬರುತ್ತದೆ. ಇನ್ನೊಂದು ದೇಶದಲ್ಲಿ ಕೊನೆತನಕ ಇರುವುದೆಂದು ಮನಸ್ಸು ಮಾಡಿ ನೆಲೆನಿಂತರೆ ಮಾತ್ರ ಅದು ಬದಲಾಗುತ್ತದೆ. ಆ ಹೊಸದನ್ನು ಬಿಟ್ಟುಕೊಟ್ಟರೆ ಹುಟ್ಟಿನ ನೆಲೆ ತಾನಾಗಿ ಮರಳಿ ಬರುತ್ತದೆ. ನೆಲೆಯೇ ಇಲ್ಲದ ಮನುಷ್ಯನನ್ನು ಕಾಯ್ದೆ ಒಪ್ಪುವುದೇ ಇಲ್ಲ. ನನಗಿದು ಬಹಳ ಹಿಡಿಸಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಾವು ಬೈಯುವುದಕ್ಕೆ ಬಳಸುವ ಮಾತನ್ನು ಕಾಯ್ದೆಯವರು ಎಷ್ಟು ಪ್ರೀತಿಯಿಂದ ಬರೆದಿದ್ದಾರೆ!

“ಮತ್ತ ನಂದು?” ಎಂದಳು ಶಿವಲೀಲಾ.

ವಿಜಯಕುಮಾರ ತಲೆ ಕೆರೆದುಕೊಂಡ. “ನಿಮ್ಮದು… ಹಳೇ ಕಾಯ್ದೆ ಐತ್ರಿ ಕಾಕಿ. ಮದುವಿ ಆದ ಕೂಡ್ಲೆ ಗಂಡನ ನೆಲಿನ ಹೆಂಡತಿ ನೆಲಿ.”

“ಎಷ್ಟ ದಿನಾ ಎಣಿಸಿ?”

“ದಿನದ ಮಾತಿಲ್ರಿ. ಆ ಕೂಡ್ಲೆ.”

“ನನ್ನ ಯಾರರೆ ಕೇಳಿದ್ರೇನು?”

“ಕಾಕಿ, ಅದು ದೇಶ-ದೇಶದ ನಡುವಿನ ಮಾತ್ರಿ. ಶಿರಗುಪ್ಪಿ-ಧಾರವಾಡದ್ದಲ್ಲ.”

“ನನಗ ಅದ ದೇಶ” ಎಂದಳು ಅವಳು, ಮತ್ತು ಚಹಾದ ಕಪ್ಪು ಕೈಗೆತ್ತಿಕೊಂಡಳು.

ಧಾರವಾಡಕ್ಕೆ ಮರಳುವ ಬಸ್ಸಿನಲ್ಲಿ ನಾನು ಕಿಟಕಿ ನೋಡುತ್ತ ಲೆಕ್ಕ ಹಾಕುತ್ತಿದ್ದೆ. ಶಿವಲೀಲಾ ತವರಿಗೆ ಹೊರಡುವಾಗ ‘ನಮ್ಮ ಮನಿಗೆ ಹೋಗಿ ಬರ್ತೇನಿ’ ಎನ್ನುತ್ತಾಳೆ. ಅಲ್ಲಿ ಎರಡನೆಯ ದಿನಕ್ಕೆ ‘ನಮ್ಮ ಮನ್ಯಾಗ ಏನ ನಡದೈತೋ’ ಎಂದು ಧಾರವಾಡದ ಮನೆಯ ಚಿಂತೆ ಮಾಡುತ್ತಾಳೆ. ಮೂವತ್ತು ವರ್ಷದಿಂದ ಎರಡು ದೇಶದ ನಿವಾಸಿ ಅವಳು. ನಾನೋ ಎಂಟು ತಿಂಗಳಿಗೇ ಆಡಿಟರ್ ಹತ್ತಿರ ಓಡಿದೆ. ಇಷ್ಟು ಯೋಚಿಸುವಷ್ಟರಲ್ಲಿ ಅವಳೇ ಬಾಯಿಬಿಟ್ಟಳು.

“ನೋಡ್ರಿ, ಸೀಗಿ ಹುಣ್ಣಿಮಿಯಿಂದ ಎ‌ಳ್ಳ ಅಮಾಸಿ ತನಕಾ ನಾ ಶಿರಗುಪ್ಪ್ಯಾಗ ಇರ್ತೇನಿ. ಮದುವಿ ಆದಾಗಿಂದ ಆ ಊರಾಗ ಒಂದು ಸುಗ್ಗಿ ಪೂರ್ತಿ ನೋಡಿಲ್ಲ. ಹಬ್ಬಕ್ಕ ಹೋಗೂದು, ಮರುದಿನಾ ಬುತ್ತಿ ಕಟಗೊಂಡು ಬರೂದು, ಇಷ್ಟ ಆತು. ಹುಡುಗ್ಯಾರು ಮನಿ ನೋಡ್ಕೋತಾರ. ನೀವು ಆಫ್ರಿಕಾಕ್ಕ ಹೋಗೂದಿದ್ರ ಹೋಗ್ರಿ.” ಕಿಟಕಿಯ ಕಡೆ ನೋಡುತ್ತ ಸೇರಿಸಿದಳು: “ಇಲ್ಲಾ, ನನ್ನ ಕೂಡ ಬರ್ರಿ.”

ಬರ್ರಿ ಎಂದಳು! ಎರಡು ಸರಕಾರಗಳು ಎಳೆದಾಡಿದಾಗ ಆಗದ ಹಿಗ್ಗು ಈಗ ಆಯಿತು. ಬಸ್ಸಿನಲ್ಲಿ ಕುಣಿಯಲು ಜಾಗವಿದ್ದಿದ್ದರೆ ಕುಣಿದುಬಿಡುತ್ತಿದ್ದೆ. ಆದರೆ ಹಿಗ್ಗಿನ ಬೆನ್ನಿಗೇ ಭಯವೂ ಬಂತು. ಗುರುತು ಪರಿಚಯವಿಲ್ಲದ ದೇಶದಲ್ಲಿ ಎಂಟು ತಿಂಗಳು ಎದೆಯುಬ್ಬಿಸಿ ಬದುಕಿದವನು ನಾನು. ಹೆಂಡತಿಯ ತವರಿನಲ್ಲಿ ಮೂರು ತಿಂಗಳೇ? ನಮ್ಮ ಕಡೆ ಅನಿವಾಸಿ ಎಂದರೆ ಜನ ಎದ್ದು ನಿಲ್ಲುತ್ತಾರೆ, ಮನೆಅಳಿಯ ಎಂದರೆ ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ಸುದ್ದಿ ಕೇಳಿದ ನೀಲತ್ತಿಯಂತೂ ಪಂಚಾಂಗ ತೆರೆಯಲೇ ಇಲ್ಲ. “ಇದಕ್ಕ ಯಾವ ದಿನಾನೂ ಛಲೋ ಇಲ್ಲ” ಎಂದಳು. ಟಾಂಜಾನಿಯಾದ ಮಾಲೀಕರಿಗೆ ಫೋನು ಮಾಡಿ, ಹೆಂಡತಿಯ ಊರಿನಲ್ಲಿ ಇರಬೇಕಾಗಿದೆ, ಎಳ್ಳಮಾವಾಸ್ಯೆ ಮುಗಿಸಿ ಬರುತ್ತೇನೆ ಎಂದೆ. ಅವರು “ಪೋಲೆ, ಫುಂಡಿ. ಪೋಲೆ ಸಾನಾ” ಎಂದರು. ಬಹಳ ಬಹಳ ಸಮಾಧಾನ ಹೇಳಬೇಕಾದಾಗ ಆಡುವ ಮಾತು ಅದು.

ಹೀಗೆ ಈಗ ಶಿರಗುಪ್ಪಿಯಲ್ಲಿ, ನನ್ನ ಹೆಂಡತಿಯ ತಮ್ಮ ಈರಣ್ಣನ ಮನೆಯ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಹುಟ್ಟಿನ ನೆಲೆ ತಾನಾಗಿ ಮರಳಿ ಬರುತ್ತದೆ ಎಂದು ಕಾಯ್ದೆ ಹೇಳುತ್ತದಲ್ಲ, ಅದು ಬರುವುದನ್ನು ನಾನು ಕಣ್ಣಾರೆ ಕಂಡೆ. ಬಂದ ದಿನ ಕೈಚೀಲ ನೆಲಕ್ಕೆ ಮುಟ್ಟುವುದಕ್ಕಿಂತ ಮೊದಲೇ ಅದು ಶಿವಲೀಲಾಳಿಗೆ ಬಂದುಬಿಟ್ಟಿತು. ಅವಳ ದನಿ ಎರಡು ಪಟ್ಟು ದೊಡ್ಡದಾಯಿತು. ಸೆರಗು ಸೊಂಟಕ್ಕೆ ಹೋಯಿತು. ಮಾಳಿಗೆಯ ಮೇಲೆ ನಿಂತು ಮೂರು ಮನೆಯಾಚೆಯ ಗೆಳತಿಯನ್ನು ಚಿಕ್ಕಂದಿನ ಅಡ್ಡಹೆಸರು ಹಿಡಿದು ಕೂಗುವ ಈ ಹೆಂಗಸನ್ನು ನಾನು ಸಪ್ತಾಪುರದಲ್ಲಿ ಒಂದು ದಿನವೂ ನೋಡಿರಲಿಲ್ಲ. ನೋಡಿದ್ದರೆ ಇನ್ನೂ ಮೊದಲೇ ಬರುತ್ತಿದ್ದೆ.

ಕಷ್ಟ ಇದ್ದದ್ದು ನನ್ನ ಸ್ಥಾನಮಾನದ್ದು. ಈರಣ್ಣನ ಹೆಂಡತಿ ಕಸ್ತೂರಿ ನನಗೆ ಅಳಿಯತನದ ಮರ್ಯಾದೆ ಮಾಡಿ ಮಾಡಿ ಸುಸ್ತು ಮಾಡಿದಳು. ಮನೆಯಲ್ಲಿದ್ದ ಒಂದೇ ಕೈಕುರ್ಚಿಗೆ ಒಗೆದ ಟವೆಲ್ ಹಾಸಿ ನನ್ನನ್ನು ಅದರಲ್ಲಿ ಕೂಡಿಸಿದರು. ಎಲ್ಲರಿಗೂ ಚಹಾ ಸ್ಟೀಲಿನ ಲೋಟದಲ್ಲಿ, ನನಗೊಬ್ಬನಿಗೆ ಗಾಜಿನ ಕಪಾಟಿನಿಂದ ಇಳಿಸಿದ ಹೂವಿನ ಕಪ್ಪು-ಬಸಿ. ಈರಣ್ಣ ಹೊಲಕ್ಕೆ ಹೊರಟಾಗ ನಾನೂ ಎದ್ದರೆ, “ಮಾಮಾರ, ನೀವ್ಯಾಕ? ಬಿಸಲೈತಿ, ಕೂಡ್ರಿ” ಎನ್ನುತ್ತಿದ್ದ. ಸೀಗಿ ಹುಣ್ಣಿಮೆಯ ದಿನ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಎಲ್ಲರೂ ಬುತ್ತಿ ಹೊತ್ತು ಬೆಳೆಯ ನಡುವೆ ಓಡಾಡಿದರೆ, ನನ್ನ ಕುರ್ಚಿ ಟವೆಲ್ಲಿನ ಸಮೇತ ಟ್ರ್ಯಾಕ್ಟರಿನಲ್ಲಿ ಬಂದು ಬೇವಿನ ಮರದ ಕೆಳಗೆ ಇಳಿಯಿತು. ದೀಪಾವಳಿ ಮುಗಿಯಿತು, ಕಪ್ಪು-ಬಸಿ ಮುಗಿಯಲಿಲ್ಲ. ಶಿವಲೀಲಾ ಬೆಳಗಿನಿಂದ ಸಂಜೆಯ ತನಕ ಆ ಮನೆಯ ಒಂದು ಭಾಗವಾಗಿ ಓಡಾಡುತ್ತಿದ್ದಳು. ‘ಬರ್ರಿ’ ಎಂದು ಕರೆದವಳು ಅತ್ತ, ಬಂದವನು ಇತ್ತ, ನಡುವೆ ಒಂದು ಟವೆಲ್ಲು. ನನಗೆ ನಿಜವಾಗಿಯೂ ಬೇಜಾರಾಗತೊಡಗಿತ್ತು. ಎಷ್ಟು ದಿನ ಇದ್ದರೆ ಅಳಿಯ ಈ ಮನೆಯ ನಿವಾಸಿಯಾಗುತ್ತಾನೆ ಎಂದು ವಿಜಯಕುಮಾರನಿಗೆ ಫೋನು ಮಾಡಿ ಕೇಳಿದೆ. ಅದಕ್ಕೆ ಕಾಯ್ದೆಯೂ ಇಲ್ಲ, ಒಪ್ಪಂದವೂ ಇಲ್ಲ ಎಂದ.

ನಿನ್ನೆ ಮಧ್ಯಾಹ್ನದ ಮಾತು. ಬಿಡಿಸಿ ತಂದ ಹತ್ತಿಯನ್ನು ಅಂಗಳದಲ್ಲಿ ಒಣಹಾಕಿದ್ದರು. ಈರಣ್ಣ ಹೊಲದಲ್ಲಿದ್ದ. ನಾನು ಕುರ್ಚಿಯಲ್ಲಿ ಕೂತು ಆ ಬೆಳ್ಳಗಿನ ರಾಶಿಯನ್ನು ನೋಡುತ್ತ, ಇದರ ಎಳೆ ಯಾವ ರೋಲರಿಗೆ ಸರಿಹೋದೀತು ಎಂದು ವಿಚಾರ ಮಾಡುತ್ತಿದ್ದೆ. ಮೋಡ ಬಂದದ್ದೇ ಗೊತ್ತಾಗಲಿಲ್ಲ. ಕಾಲವಲ್ಲದ ಕಾಲದ ಮಳೆ, ದಪ್ಪ ಹನಿ, ಒಂದು ನನ್ನ ಕನ್ನಡಕದ ಮೇಲೇ ಬಿತ್ತು. ಒಳಗಿನಿಂದ ಕಸ್ತೂರಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

“ಅಣ್ಣಾರ, ಕುಂತೇನ ನೋಡ್ತೀರಿ? ಹತ್ತಿ ತೊಯ್ಯಾಕತ್ತೈತಿ! ಏಳ್ರಿ, ಬಾಚ್ರಿ ಲಗೂ!”

ನಾನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಬರಿಗಾಲಿನಲ್ಲಿ ಅಂಗಳಕ್ಕೆ ಹಾರಿದೆ. ಆ ಕಡೆಯಿಂದ ಶಿವಲೀಲಾ ಬಂದಳು. ಎರಡೂ ತೋಳಿನ ತುಂಬ ಬಾಚಿ, ಎದೆಗೊತ್ತಿ, ಪಡಸಾಲೆಗೆ ಓಡಿ ಒಗೆದು, ಮತ್ತೆ ಅಂಗಳಕ್ಕೆ. ಓಡುವಾಗ ಒಮ್ಮೆ ನಾವಿಬ್ಬರೂ ಹತ್ತಿ ಸಮೇತ ಡಿಕ್ಕಿ ಹೊಡೆದೆವು. ಹತ್ತಿಯ ಡಿಕ್ಕಿ, ನೋವಾಗಲಿಲ್ಲ. ಕೊನೆಯ ತೆಕ್ಕೆ ಒಳಗೆ ಬೀಳುವುದಕ್ಕೂ ಮಳೆ ಜೋರಾಗುವುದಕ್ಕೂ ಸರಿಹೋಯಿತು.

ಆಗ ಕಸ್ತೂರಿಗೆ ತಾನು ಯಾರಿಗೆ ಗದರಿದೆ ಎಂಬುದು ಹೊಳೆದು, ನಾಲಿಗೆ ಕಚ್ಚಿಕೊಂಡಳು. “ಅಯ್ಯ ಶಿವನ! ತಪ್ಪಾತ್ರಿ ಅಣ್ಣಾರ…”

ಶಿವಲೀಲಾ ಹತ್ತಿಯ ರಾಶಿಯ ಮೇಲೆ ಕುಸಿದು ಕೂತಿದ್ದಳು. ಉಸಿರು ಮೇಲೆ ಕೆಳಗೆ, ಕೂದಲ ತುಂಬ ಹತ್ತಿ, ನಗು ತಡೆಯಲಾಗುತ್ತಿಲ್ಲ. ನನ್ನ ಕಡೆ ನೋಡಿದಳು. ಆಮೇಲೆ ಕಸ್ತೂರಿಗೆ ಹೇಳಿದಳು:

“ಇರ್ಲಿ ಬಿಡ. ಆ ಕಪ್ಪು-ಬಸಿ ಇನ್ನ ಕಪಾಟಿನ್ಯಾಗ ಇಟ್ಟಬಿಡು.”

ಸಂಜೆ ನನಗೆ ಚಹಾ ಸ್ಟೀಲಿನ ಲೋಟದಲ್ಲಿ ಬಂತು, ಅದೂ ಎಲ್ಲರಿಗೂ ಕೊಟ್ಟಾದ ಮೇಲೆ, ಅರ್ಧ ಲೋಟ.